13 ಬ್ಲೈಂಡ್ ಉಳಿದಿದ್ದಾಗ ಫ್ಲಶ್ ಡ್ರಾ: ಆಟೀನ್ 9-8ರಲ್ಲಿ ನಾನು ಎಡವಿದ್ದು ಎಲ್ಲಿ?

ಬಸ್ಸಲ್ಲಿ_ಬಟನ್

ಎಲ್ಲರಿಗೂ ನಮಸ್ಕಾರ. ಹೋದ ವಾರ ಪಣಜಿಗೆ ಹೋಗಿದ್ದೆ, ಮಾಂಡೋವಿ ಮೇಲೆ ನಿಂತಿರೋ ಹಡಗೊಂದರಲ್ಲಿ ಪೋಕರ್ ಟೂರ್ನಿ. ಹೆಸರು ಬೇಡ. ರಾತ್ರಿ ಹನ್ನೊಂದರ ಹೊತ್ತಿಗೆ ಔಟ್ ಆಗಿ ಬಸ್ ಹತ್ತಿದೆ. ಅವತ್ತಿಂದ ಈ ಒಂದು ಕೈ ತಲೆಯಿಂದ ಇಳೀತಿಲ್ಲ.

ಬ್ಲೈಂಡ್ (ಎಲೆ ನೋಡೋ ಮುಂಚೆ ಇಬ್ಬರು ಕಟ್ಟಲೇಬೇಕಾದ ಚಿಪ್ಸ್) 1,000/2,000, ಬಿಗ್ ಬ್ಲೈಂಡ್ (ಅದರಲ್ಲಿ ದೊಡ್ಡದನ್ನ ಕಟ್ಟೋನು) ಎಲ್ಲರ ಪರವಾಗಿ ಕಟ್ಟೋ ಆಂಟೆ 2,000. ನನ್ನ ಹತ್ತಿರ 26,000, ಅಂದರೆ 13 ಬಿಗ್ ಬ್ಲೈಂಡ್. ಬಟನ್ (ಫ್ಲಾಪ್ ಆದ್ಮೇಲೆ ಕೊನೆಗೆ ಆಡೋ ಜಾಗ) ನನ್ನದು. ಹೈಜಾಕ್‌ನಲ್ಲಿದ್ದ ಮೀಸೆ ಅಂಕಲ್ (ಬಟನ್‌ಗೆ ಎರಡು ಜಾಗ ಮುಂಚೆ, ಅವರ ಮುಂದೆ 60,000 ಇತ್ತು) 4,500ಕ್ಕೆ ರೇಸ್ ಮಾಡಿದ್ರು, ಅಂದರೆ ಪಂತ ಏರಿಸಿದ್ರು. ನನ್ನ ಕೈಲಿ ಆಟೀನ್ 9, ಆಟೀನ್ 8. ಅಗ್ಗಕ್ಕೆ ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ಬೀಳೋ ಮೊದಲ ಮೂರು ಎಲೆ) ನೋಡೋಣ ಅಂತ ಕಾಲ್ ಮಾಡಿದೆ, ಅಂದರೆ ಅಷ್ಟೇ ಕೊಟ್ಟೆ. ಬ್ಲೈಂಡ್‌ನವರಿಬ್ಬರೂ ಫೋಲ್ಡ್, ಎಲೆ ಎಸೆದ್ರು. ಪಾಟ್ (ಮಧ್ಯದ ರಾಶಿ) 14,000.

ಫ್ಲಾಪ್: ಆಟೀನ್ ರಾಜ, ಆಟೀನ್ 6, ಇಸ್ಪೀಟ್ 2. ಅಂಕಲ್ 6,000 ಇಟ್ರು. ಇನ್ನೊಂದು ಆಟೀನ್ ಬಂದರೆ ಫ್ಲಶ್ (ಒಂದೇ ಜಾತಿಯ ಐದು ಎಲೆ). ನನಗೆ 9 ಔಟ್ಸ್ (ಗೆಲ್ಲಿಸೋ ಎಲೆ), 4ರಿಂದ ಗುಣಿಸಿದರೆ ಶೇ. 36. 6,000 ಕೊಟ್ಟು 20,000 ಗೆಲ್ಲೋದು, ಲಾಭವೇ ಅಂದ್ಕೊಂಡು ಕಾಲ್. ಟರ್ನ್ (ನಾಲ್ಕನೇ ಎಲೆ) ಕಳಾವರ್ 3, ಯಾತಕ್ಕೂ ಬರಲ್ಲ. ಅಂಕಲ್ ನನ್ನ ಉಳಿದ 15,500 ಅಷ್ಟನ್ನೂ ಕೇಳಿದ್ರು. ಮೂರು ನಿಮಿಷ ಯೋಚಿಸಿ, ಇಷ್ಟು ಹಾಕಿ ಆಗಿದೆ, ಇನ್ನೇನು ಅಂತ ಕಾಲ್. ರಿವರ್ (ಐದನೇ, ಕೊನೇ ಎಲೆ) ಡೈಮನ್ ಗುಲಾಮ. ಅವರದ್ದು ಎಕ್ಕ-ರಾಜ. ನಾನು ಮನೆಗೆ.

ತಪ್ಪು ಟರ್ನ್‌ನಲ್ಲಾ, ಫ್ಲಾಪ್‌ನಲ್ಲಾ? ಅಥವಾ ತಪ್ಪೇ ಇಲ್ವಾ, ಬರೀ ಅದೃಷ್ಟವಾ?

ಜೋಕರ್_ಜಯಣ್ಣ

ಅದೃಷ್ಟ ಅಷ್ಟೇ ಗುರು. ಇನ್ನೊಂದು ಆಟೀನ್ ಬಂದಿದ್ರೆ ಇವತ್ತು ನಮಗೆಲ್ಲ ಪಾರ್ಟಿ ಕೊಡಿಸ್ತಿದ್ದೆ.

ಲೆಕ್ಕದ_ಮೇಷ್ಟ್ರು

ಜಯಣ್ಣ, ಹಂಗೆ ಬಿಟ್ಟುಬಿಡಬೇಡಿ. ಪ್ರಶ್ನೆ ಚೆನ್ನಾಗಿದೆ. ಹಿಂದಿನಿಂದ ಮುಂದಕ್ಕೆ ಬರ್ತೀನಿ.

ಟರ್ನ್: ಪಾಟ್‌ನಲ್ಲಿ 26,000, ಅವರು ಕೇಳಿದ್ದು 15,500. ಅಂದರೆ ನೀವು 15,500 ಕೊಟ್ಟರೆ ಒಟ್ಟು ರಾಶಿ 57,000. ಸರಿಹೋಗಬೇಕಾದರೆ ಶೇ. 27 ಗೆಲುವು ಬೇಕು. ನೀವು ಕಂಡ ಎಲೆ 6, ಕಾಣದ್ದು 46, ಅದರಲ್ಲಿ ಆಟೀನ್ 9. ಶೇ. 19.6. ಆ ಕಾಲ್‌ನಿಂದ ಸರಾಸರಿ 4,300 ಚಿಪ್ಸ್ ನಷ್ಟ, ಎರಡು ಬಿಗ್ ಬ್ಲೈಂಡ್‌ಗೂ ಹೆಚ್ಚು. ಎಲೆ ಬಂದಿದ್ದರೂ ಇದು ತಪ್ಪೇ. "ಇಷ್ಟು ಹಾಕಿ ಆಗಿದೆ" ಅಂದ್ರಲ್ಲ, ಹಾಕಿದ ಚಿಪ್ಸ್ ನಿಮ್ಮದಲ್ಲ, ಅದು ಪಾಟಿನದು. ಕೈಲಿ 15,500 ಇತ್ತು, ಅಂದರೆ 7 ಮುಕ್ಕಾಲು ಬ್ಲೈಂಡ್. ಅದರಲ್ಲಿ ಇನ್ನೂ ಆಟ ಇತ್ತು.

ಆದರೆ ನಿಮ್ಮ ನಿಜವಾದ ತಪ್ಪು ಅದಲ್ಲ. 4ರಿಂದ ಗುಣಿಸಿದ್ರಲ್ಲ, ಅಲ್ಲಿದೆ. ಆ 36 (ಸರಿಯಾಗಿ ಹೇಳೋದಾದರೆ 35) ಟರ್ನ್ ಮತ್ತು ರಿವರ್ ಎರಡನ್ನೂ ಖಂಡಿತ ನೋಡುವವನ ಲೆಕ್ಕ. ನೀವು 6,000 ಕೊಟ್ಟು ಕೊಂಡದ್ದು ಒಂದೇ ಎಲೆ. ಒಂದು ಎಲೆಗೆ 2ರಿಂದ ಗುಣಿಸಬೇಕು, ಹೆಚ್ಚು ಕಮ್ಮಿ 19. ಎರಡನೇ ಎಲೆಗೆ ಅಂಕಲ್ ಬೇರೆ ಬಿಲ್ ಕೊಟ್ರು, ಅದನ್ನ ಕಟ್ಟೋ ಶಕ್ತಿ ನಿಮಗಿರಲಿಲ್ಲ.

ಬಸ್ಸಲ್ಲಿ_ಬಟನ್

ಅಯ್ಯೋ. ಎರಡು ವರ್ಷದಿಂದ ಹಿಂಗೇ ಗುಣಿಸ್ಕೊಂಡು ಬಂದಿದೀನಿ ಸರ್.

ಹುಬ್ಬಳ್ಳಿ_ಹೈಜಾಕ್

ಮಹದಾಯಿ ನೀರು ನಮಗ ಬರಲಿಲ್ಲ, ನಮ್ಮ ರೊಕ್ಕ ಮಾತ್ರ ಹರಕೋತ ಮಹದಾಯಿಗೆ ಹೊಂಟೈತಿ ನೋಡ್ರಿ. ಮಾಂಡೋವಿ ಅಂದ್ರೂ ಅದೇ ಹೊಳಿ.

ಇರಲಿ. ಮೇಷ್ಟ್ರ, ಒಂದು ಮಾತು. ಫ್ಲಾಪ್ ಕಾಲ್ ಅಷ್ಟೇನೂ ಕೆಟ್ಟದ್ದಲ್ಲಾ. ಆಟೀನ್ ಬಂದ್ರ ಅಂವ ಉಳಿದ 15,500 ಕೊಡ್ತಾನಲ್ಲ? ಎಕ್ಕ-ರಾಜ ಹಿಡಕೊಂಡಾಂವ ಎಲ್ಲಿಗೆ ಓಡ್ತಾನ?

ಲೆಕ್ಕದ_ಮೇಷ್ಟ್ರು

ಒಪ್ಪತಕ್ಕ ಮಾತು. ಟರ್ನ್‌ನಲ್ಲಿ ಬರದಿದ್ದರೆ ಬಿಟ್ಟುಬಿಡ್ತೀನಿ ಅನ್ನೋ ಕಟ್ಟುನಿಟ್ಟಿದ್ದರೆ, ಆ 6,000 ವಸೂಲಾಗೋಕೆ ಆಟೀನ್ ಬಿದ್ದಾಗೆಲ್ಲ ಸರಾಸರಿ 5,300 ಹೆಚ್ಚಿಗೆ ಸಿಗಬೇಕು. ಅಂದರೆ ಮೂರು ಸಲದಲ್ಲಿ ಒಂದು ಸಲಕ್ಕಿಂತ ಸ್ವಲ್ಪ ಹೆಚ್ಚು ಅವರು ಪೂರ್ತಿ ಕೊಟ್ಟರೆ ಸರಿಹೋಯ್ತು. ಅಸಾಧ್ಯ ಏನಲ್ಲ. ಆದರೆ ಮೂರನೇ ಆಟೀನ್ ಬಿದ್ದದ್ದು ಅವರ ಕಣ್ಣಿಗೂ ಕಾಣುತ್ತೆ. ಅಂಕಲ್ ಕೈಯಲ್ಲಿ ಎಕ್ಕ-ರಾಜ ಇಲ್ಲದೆ ಬರೀ 10ರ ಜೋಡಿ ಇದ್ದಿದ್ದರೆ ಅಲ್ಲಿಗೆ ಬಾಗಿಲು ಬಂದ್.

ನಾನು ಹೇಳೋದು ಬೇರೆ. ಆ ಫ್ಲಾಪ್‌ನಲ್ಲಿ ಮೂರನೇ ದಾರಿ ಇತ್ತು, ಇವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಇದ್ದ 21,500 ಅಷ್ಟನ್ನೂ ಫ್ಲಾಪ್‌ನಲ್ಲೇ ತಳ್ಳೋದು.

ಅವರು ಕಾಲ್ ಮಾಡಿದರು ಅಂತಿಟ್ಕೊಳ್ಳಿ. ಒಟ್ಟು 57,000, ನಿಮ್ಮ ಪಾಲು ಶೇ. 35, ಅಂದರೆ 19,950. ಹಾಕಿದ್ದು 21,500. ನಷ್ಟ 1,550, ಮುಕ್ಕಾಲು ಬ್ಲೈಂಡ್. ಅವರು ಫೋಲ್ಡ್ ಮಾಡಿದರೆ ಅಲ್ಲೇ ಇರೋ 20,000 ನಿಮ್ಮದು. ನೂರಕ್ಕೆ 8 ಸಲ ಅವರು ಎಲೆ ಎಸೆದರೂ ಸಾಕು, ಲೆಕ್ಕ ನಿಮ್ಮ ಕಡೆ ವಾಲುತ್ತೆ. ನೂರಕ್ಕೆ 30 ಸಲ ಎಸೆದರೆ ಸರಾಸರಿ ಲಾಭ 4,900 ಚಿಪ್ಸ್. ಅದೇ ಎಲೆ, ಅದೇ ಬೋರ್ಡ್ (ಮೇಜಿನ ಮೇಲಿನ ಎಲೆಗಳು), ಅದೇ ಮೀಸೆ. ನೀವು ಕಾಲ್ ಮಾಡಿದಾಗ ಗೆಲ್ಲೋಕೆ ಒಂದೇ ದಾರಿ, ಆಟೀನ್ ಬರಬೇಕು. ತಳ್ಳಿದಾಗ ಎರಡು.

ಹೊಸಬ_ನಾನು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಫೋಲ್ಡ್ ಇಕ್ವಿಟಿ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಇದೇನಾ?

ಕರಾವಳಿ_ಕಟ್ಆಫ್

ಅದೇ ಮಾರಾಯ್ರೆ. ದೀಪಾವಳಿ ರಾತ್ರಿ ಮೂರೆಲೆ ಆಡುವಾಗ ಕೈಯಲ್ಲಿ ಏನೂ ಇಲ್ಲದೆ ಚಾಲ್ ಏರಿಸಿ ಮಾವನನ್ನು ಪ್ಯಾಕ್ ಮಾಡಿಸುವುದುಂಟಲ್ಲ, ಅದಕ್ಕೆ ಇಲ್ಲಿ ಇಟ್ಟ ದೊಡ್ಡ ಹೆಸರು. ವ್ಯತ್ಯಾಸ ಎಂತ ಅಂದ್ರೆ, ಮಾವ ಪ್ಯಾಕ್ ಮಾಡದಿದ್ರೂ ಇಲ್ಲಿ ನಿಮಗೆ ಮೂರರಲ್ಲೊಂದು ಅವಕಾಶ ಇರ್ತದೆ. ಹಾಗಾಗಿ ಇದು ಅರ್ಧ ಬ್ಲಫ್.

ಆದರೆ ಮೇಷ್ಟ್ರೇ, ನಿಮ್ಮ ಲೆಕ್ಕ ಸ್ವಲ್ಪ ಹೂವಿನ ಹಾಸಿಗೆ ಆಯ್ತು. ಹೈಜಾಕ್‌ನಿಂದ ರೇಸ್ ಮಾಡಿದವನ ಹತ್ರ ರಾಜ ಇರುವುದು ಜಾಸ್ತಿ, ಅವನು ಎಲೆ ಬಿಡುವುದಿಲ್ಲ. ಆಟೀನ್ ಎಕ್ಕ-ರಾಣಿ ಇದ್ದರೆ ನಮ್ಮ ಆಟೀನ್ ಬಂದರೂ ಸೋಲು. ಕೈಯಲ್ಲಿ 6ರ ಜೋಡಿ ಇದ್ದು ಮೂರು 6 ಆಗಿದ್ದರೆ ಬೋರ್ಡ್‌ನಲ್ಲಿ ಜೋಡಿ ಬಿದ್ದ ಕೂಡಲೇ ನಮ್ಮ ಫ್ಲಶ್ ಕಸ. ಶೇ. 35 ಎಲ್ಲ ಸಲ ಸಿಗುವುದಿಲ್ಲ.

ಲೆಕ್ಕದ_ಮೇಷ್ಟ್ರು

ಸರಿ, ಇಳಿಸೋಣ. 30 ಅಂತ ಇಟ್ಟರೆ ಕಾಲ್ ಬಿದ್ದಾಗ ನಷ್ಟ 4,400. ಆಗ ನೂರಕ್ಕೆ 18 ಸಲ ಫೋಲ್ಡ್ ಬೇಕು. ಐದರಲ್ಲಿ ಒಂದು. ಅಂಕಲ್ ಕೈಲಿ 7ರ ಜೋಡಿ, 8ರ ಜೋಡಿ, ಎಕ್ಕ-ರಾಣಿ, ಎಕ್ಕ-10 ಇರೋ ಸಲಗಳೂ ಇವೆಯಲ್ಲ? ಅವನ್ನೆಲ್ಲ ಹಿಡ್ಕೊಂಡು ಇನ್ನೂ 15,500 ಕೊಡಲ್ಲ.

ಅದಕ್ಕೊಂದು ಷರತ್ತು. 15,500 ಅವರಿಗೆ ನೋಯುವಂಥ ಮೊತ್ತ ಆಗಿರಬೇಕು. 60,000 ಇದ್ದವರಿಗೆ ನೋಯುತ್ತೆ. 3 ಲಕ್ಷ ಗುಡ್ಡೆ ಹಾಕ್ಕೊಂಡು ಕೂತವರು ಚಹಾ ಹೇಳಿದಷ್ಟು ಸಲೀಸಾಗಿ ಕಾಲ್ ಅಂತಾರೆ.

ಸನಿವೇಲ್_ಸುಬ್ಬು

ಇದಕ್ಕೆ ಎಲ್ಲರೂ ಯೂಟ್ಯೂಬ್‌ನಲ್ಲಿ ನೋಡಿರೋ ಒಂದು ಕೈ ನೆನಪಾಯ್ತು. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಇವೆಂಟ್, ಲಾಸ್ ವೇಗಸ್. 839 ಜನ, ತಲೆಗೆ 10,000 ಡಾಲರ್ ಪ್ರವೇಶ. ಕೊನೆಗೆ ಉಳಿದವರು ಕ್ರಿಸ್ ಮನಿಮೇಕರ್ ಮತ್ತು ಸ್ಯಾಮ್ ಫರ್ಹಾ. ಮನಿಮೇಕರ್ ಟೆನೆಸಿ ಕಡೆಯ ಅಕೌಂಟೆಂಟ್, ಆನ್‌ಲೈನ್ ಸ್ಯಾಟಲೈಟ್ (ಕಡಿಮೆ ದುಡ್ಡಿನ ಅರ್ಹತಾ ಟೂರ್ನಿ) ಗೆದ್ದು ಬಂದವನು. ಅವನ ಕೈಲಿ ಇಸ್ಪೀಟ್ ರಾಜ ಮತ್ತು 7. ಟರ್ನ್ ಹೊತ್ತಿಗೆ ಬೋರ್ಡ್ 9-2-6-8, ಮೂರು ಇಸ್ಪೀಟ್. ಫ್ಲಶ್ ಡ್ರಾ, ಎರಡೂ ತುದಿ ತೆರೆದ ಸ್ಟ್ರೇಟ್ (ಸಾಲಾಗಿ ಐದು ಎಲೆ) ಡ್ರಾ ಎರಡೂ ಇದೆ. ರಿವರ್‌ನಲ್ಲಿ ಒಂದು 3 ಬಿದ್ದು ಎರಡೂ ಹೋಯ್ತು. ಅವನು ಆಲ್-ಇನ್ ಅಂದ, ಇದ್ದಷ್ಟನ್ನೂ ತಳ್ಳಿದ. ಫರ್ಹಾ 9ರ ಜೋಡಿ ಇಟ್ಕೊಂಡು ತುಂಬ ಹೊತ್ತು ಯೋಚಿಸಿ ಎಲೆ ಎಸೆದ. ಆಮೇಲೆ ಮನಿಮೇಕರ್ ಗೆದ್ದ, 25 ಲಕ್ಷ ಡಾಲರ್.

ಎಲ್ಲರೂ ಅವನ ಗುಂಡಿಗೆ ಹೊಗಳ್ತಾರೆ. ನಾನು ನೋಡೋದು ಇಬ್ಬರ ಮುಂದಿದ್ದ ಚಿಪ್ಸ್ ಗುಡ್ಡೆಯನ್ನ. ಫರ್ಹಾಗೆ ಕಾಲ್ ಮಾಡಿ ಸೋತರೆ ಆಟ ಮುಗಿದ ಹಾಗೆ, ಅದಕ್ಕೇ ಬಿಟ್ಟ. ಮನಿಮೇಕರ್ ಹತ್ತಿರ ಆವತ್ತು 8 ಬ್ಲೈಂಡ್ ಇದ್ದಿದ್ದರೆ ಫರ್ಹಾ ಸಿಗರೇಟು ಬಾಯಿಂದ ತೆಗೆಯದೆ ಕಾಲ್ ಮಾಡ್ತಿದ್ದ. ನಮ್ಮ ಹುಡುಗರು ಆ ವಿಡಿಯೋ ನೋಡ್ಕೊಂಡು 6 ಬ್ಲೈಂಡ್ ಇಟ್ಕೊಂಡು ರಿವರ್‌ನಲ್ಲಿ ಹೀರೋ ಆಗೋಕೆ ಹೋಗ್ತಾರೆ.

ನನ್ನ ಆಕ್ಷೇಪ ಇರೋದು ಇನ್ನೂ ಹಿಂದೆ. ಪ್ರಿಫ್ಲಾಪ್ (ಫ್ಲಾಪ್ ಬೀಳೋ ಮುಂಚಿನ) ಕಾಲ್. ಯಾರೂ ಅದರ ಬಗ್ಗೆ ಮಾತೇ ಆಡ್ತಿಲ್ಲ.

ಬಸ್ಸಲ್ಲಿ_ಬಟನ್

ಅದೂ ತಪ್ಪಾ? ಸೂಟೆಡ್ ಕನೆಕ್ಟರ್ (ಒಂದೇ ಜಾತಿಯ ಪಕ್ಕಪಕ್ಕದ ಎಲೆ), ಬಟನ್ ಬೇರೆ. ಕೊನೆಗೆ ಆಡೋನು ನಾನೇ.

ಸನಿವೇಲ್_ಸುಬ್ಬು

100 ಬ್ಲೈಂಡ್ ಇದ್ದಾಗ ಅದು ಬಂಗಾರದಂಥ ಕೈ. 13 ಇದ್ದಾಗ? 4,500 ಅಂದರೆ ನಿನ್ನ ಆಸ್ತಿಯ ಶೇ. 17. ಒಂದೇ ಜಾತಿಯ ಎರಡು ಎಲೆಗೆ ಫ್ಲಾಪ್‌ನಲ್ಲಿ ಫ್ಲಶ್ ಡ್ರಾ ಸಿಗೋದು ಶೇ. 10.9, ಪೂರ್ತಿ ಫ್ಲಶ್ಶೇ ಸಿಗೋದು ಶೇ. 0.84. ಎರಡು ತುದಿ ತೆರೆದ ಸ್ಟ್ರೇಟ್ ಡ್ರಾ ಸುಮಾರು 10. ಅಂದರೆ ಐದು ಸಲ ಫ್ಲಾಪ್ ನೋಡಿದರೆ ನಾಲ್ಕು ಸಲ ಒಳ್ಳೆ ಡ್ರಾ ಕೂಡ ಇಲ್ಲ, 4,500 ಅಲ್ಲೇ ಬಿಟ್ಟು ಏಳಬೇಕು. ಸಿಕ್ಕಿದ ಆ ಒಂದು ಸಲವೂ ಕೈಗೆ ಬಂದಿರೋದು ಡ್ರಾ, ಗೆಲುವಲ್ಲ. ದೊಡ್ಡ ಸ್ಟ್ಯಾಕ್ (ಮುಂದಿರೋ ಚಿಪ್ಸ್) ಇದ್ದರೆ ಆ ಒಂದು ಸಲದಲ್ಲಿ ಉಳಿದದ್ದೆಲ್ಲ ವಸೂಲಿ ಮಾಡಬಹುದು. ನಿನ್ನ ಹಿಂದೆ ಉಳಿದಿದ್ದೇ 21,500. ವಸೂಲಿ ಮಾಡೋಕೆ ಏನಿದೆ?

ಚಿಕ್ಕ ಜೋಡಿಗೂ ಇದೇ ಗತಿ. 4ರ ಜೋಡಿಗೆ ಫ್ಲಾಪ್‌ನಲ್ಲಿ ಮೂರನೇ 4 ಬರೋದು ಶೇ. 11.8. ಸ್ಟ್ಯಾಕ್ ಚಿಕ್ಕದಿದ್ದಾಗ ಅದನ್ನ ಕಾಯ್ಕೊಂಡು ಕೂರೋದಲ್ಲ. ತಳ್ಳು, ಇಲ್ಲ ಬಿಡು.

ಕರಾವಳಿ_ಕಟ್ಆಫ್

ಹಾಗಾದ್ರೆ ಆ 9-8 ಅನ್ನು ಪ್ರಿಫ್ಲಾಪ್ ತಳ್ಳಬೇಕಿತ್ತಾ?

ಸನಿವೇಲ್_ಸುಬ್ಬು

ನಾನು ಬಿಡ್ತಿದ್ದೆ. ಎಕ್ಕ-ರಾಜಕ್ಕೆ ಎದುರಾಗಿ ಆ ಕೈಗೆ ಸುಮಾರು 40 ಇದೆ, ಕೆಟ್ಟದ್ದೇನಲ್ಲ. ಆದರೆ ದೊಡ್ಡ ಜೋಡಿಗೆ ಸಿಕ್ಕಿಬಿದ್ದರೆ ಹೆಚ್ಚು ಕಮ್ಮಿ 20. 26,000 ಇಟ್ಟು ನೆಲದ ಮೇಲಿರೋ 9,500ಕ್ಕೆ ಕೈಹಾಕೋದು. ರೇಸ್ ಮಾಡಿದವನು ಸಿಕ್ಕಾಪಟ್ಟೆ ಸಡಿಲವಾಗಿ ಆಡೋನಾದರೆ ತಳ್ಳಬಹುದು. ಮೀಸೆ ಅಂಕಲ್ ಹಾಗೆ ಕಾಣಲ್ಲ.

ನನಗಿಂತ ಮೊದಲು ಎಲ್ಲರೂ ಫೋಲ್ಡ್ ಮಾಡಿ ಬಟನ್‌ಗೆ ಬಂದಿದ್ದರೆ ಇದೇ 9-8 ಕಣ್ಣು ಮುಚ್ಚಿ ತಳ್ತೀನಿ. ಇಬ್ಬರನ್ನ ದಾಟಿಸಿದರೆ 5,000 ಸಿಗುತ್ತೆ, ನನ್ನ ಸ್ಟ್ಯಾಕ್‌ನ ಐದನೇ ಒಂದು ಭಾಗ. ಒಂದು ಸುತ್ತಿಗೆ ಆಗೋ ಖರ್ಚೂ ಅಷ್ಟೇ, 5,000. 26,000ಕ್ಕೆ ಭಾಗಿಸಿದರೆ 5.2. ಪೋಕರ್ ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಲ್ಲಿ ಇದಕ್ಕೆ 'ಎಂ' ಅಂತಾರೆ. ಸುಮ್ಮನೆ ಕೂತರೆ ಐದು ಸುತ್ತಲ್ಲಿ ದೀಪ ಆರುತ್ತೆ ಅಂತ ಅರ್ಥ.

ಹುಬ್ಬಳ್ಳಿ_ಹೈಜಾಕ್

ಸುಬ್ಬಣ್ಣ, ಬಿಗ್ ಬ್ಲೈಂಡ್‌ದಾಗ ಇದ್ರ? ಅಲ್ಲಿ ನಾ ಬಿಡಂಗಿಲ್ಲ ನೋಡ್ರಿ.

ಸನಿವೇಲ್_ಸುಬ್ಬು

ಅಲ್ಲಿ ಲೆಕ್ಕ ಬೇರೆ, ಹೌದು. ಅವನು 4,000ಕ್ಕೆ ರೇಸ್ ಮಾಡಿದ ಅಂದರೆ ನೀವು ಇನ್ನು 2,000 ಕೊಟ್ಟರೆ ಸಾಕು. ಆಗಲೇ 9,000 ಬಿದ್ದಿರುತ್ತೆ, ಆಂಟೆ ಸೇರಿ. ಶೇ. 18 ಇದ್ದರೂ ವಸೂಲು. ಅಲ್ಲಿ 9-8 ಕಾಲ್ ಮಾಡಿ, ಡ್ರಾ ಬಿದ್ದರೆ ಚೆಕ್ ಕೊಟ್ಟು (ಪಂತ ಕಟ್ಟದೆ ಬಿಟ್ಟು), ಅವನು ಇಟ್ಟ ಮೇಲೆ ತಳ್ಳೋದು. ನನ್ನ ಪ್ರಕಾರ ಚಿಕ್ಕ ಸ್ಟ್ಯಾಕ್‌ನಲ್ಲಿ ಡ್ರಾ ಆಡೋಕೆ ಇರೋ ಒಳ್ಳೇ ಜಾಗ ಅದೊಂದೇ.

ಜೋಕರ್_ಜಯಣ್ಣ

ಇಷ್ಟೆಲ್ಲ ಲೆಕ್ಕ ಹಾಕೋಷ್ಟರಲ್ಲಿ ಡೀಲರ್ ಶಿಫ್ಟು ಮುಗಿದಿರುತ್ತೆ.

ಲೆಕ್ಕದ_ಮೇಷ್ಟ್ರು

ಮೇಜಿನ ಮೇಲೆ ಹಾಕೋ ಲೆಕ್ಕ ಅಲ್ಲ ಜಯಣ್ಣ, ಮನೇಲಿ ಹಾಕೋದು. ಮಗ್ಗಿ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗಲ್ವಾ? 9 ಔಟ್ಸ್ ಇದ್ದರೆ ಎರಡು ಎಲೆಗೆ 35, 8 ಇದ್ದರೆ 31.5, ಒಳಗಿನ ಒಂದೇ ಎಲೆ ಕಾಯೋ ಗಟ್‌ಶಾಟ್‌ಗೆ 16.5, ಫ್ಲಶ್ಶೂ ಸ್ಟ್ರೇಟೂ ಸೇರಿ 15 ಇದ್ದರೆ 54. ಇಷ್ಟು ಗೊತ್ತಿದ್ದರೆ ಸಾಕು.

ಈ 54ರ ಬಗ್ಗೆ ಒಂದು ಎಚ್ಚರಿಕೆ, ಇದನ್ನ ನಾನೇ ಬಹಳ ತಡವಾಗಿ ಕಲಿತಿದ್ದು. ಮೂರು ಜನ ಉಳಿದಿದ್ದಾರೆ, ಎಲ್ಲರ ಹತ್ತಿರ ಸಮ ಚಿಪ್ಸ್. ಬಹುಮಾನ 50, 30, 20 ಸಾವಿರ ಅಂದ್ಕೊಳ್ಳಿ. ಆಡದೆ ಕೂತರೆ ತಲಾ 33,333 ಬೆಲೆ. ಒಬ್ಬ ಆಲ್-ಇನ್ ಅಂದ, ನಿಮ್ಮದು 15 ಔಟ್ಸ್ ಡ್ರಾ, ಪಾಟ್‌ನಲ್ಲಿ ಬೇರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಗೆದ್ದರೆ ನಿಮ್ಮ ಚಿಪ್ಸ್ ಎರಡರಷ್ಟು, ಆದರೆ ಬೆಲೆ ಎರಡರಷ್ಟಾಗಲ್ಲ, 43,333 ಅಷ್ಟೇ. ಸೋತರೆ 20,000. ಲೆಕ್ಕ ಬಿಡಿಸಿ, ಶೇ. 57 ಗೆಲುವು ಬೇಕು. 54 ಸಾಲದು. ಗೆಲ್ಲೋ ಸಾಧ್ಯತೆ ಹೆಚ್ಚಿದ್ದೂ ಎಲೆ ಎಸೀಬೇಕು. ಐಸಿಎಂ (ಚಿಪ್ಸ್ ಬೆಲೆಯನ್ನ ಬಹುಮಾನದ ದುಡ್ಡಲ್ಲಿ ಅಳೆಯೋ ಲೆಕ್ಕ) ಅನ್ನೋದು ಇದೇ.

ಅದೇ ಜಾಗದಲ್ಲಿ ನೀವೇ ಮೊದಲು ತಳ್ಳಿದ್ದರೆ, ಆ 57ರ ಕಷ್ಟ ಎದುರಿನವನ ತಲೆಗೆ ಹೋಗುತ್ತೆ.

ಹೊಸಬ_ನಾನು

ಇದನ್ನೆಲ್ಲ ಆನ್‌ಲೈನ್‌ನಲ್ಲಿ ಚಿಕ್ಕ ದುಡ್ಡಿಗೆ ಆಡಿ ಕಲೀಬಹುದಾ? ಯಾವ ಆ್ಯಪ್ ಒಳ್ಳೇದು?

ಕರಾವಳಿ_ಕಟ್ಆಫ್

ಆ ಕಾಲ ಹೋಯ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತಲ್ಲ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆಲ್ಲ ನಿಷೇಧ, ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವೇ ಇಲ್ಲ. ಅದಕ್ಕೂ ಮೊದಲು ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧಿಸಿತ್ತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ತೆಗೆದುಹಾಕಿತ್ತು. ಈಗ ಯಾರಾದ್ರೂ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸಿದ್ರೆ ಮುಟ್ಟಬೇಡಿ. ಒಂದು ಹಳೇ ಇಸ್ಪೀಟ್ ಕಟ್ಟು, ಒಂದು ನೋಟ್‌ಬುಕ್ಕು ಸಾಕು. ನಾನು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹಾಗೇ ಎಲೆ ಹಾಕಿ ನೋಡುವುದು. 100 ಸಲ ಫ್ಲಶ್ ಡ್ರಾ ಹಾಕಿದೆ, 38 ಸಲ ಬಂತು. ಹೆಂಡತಿ ಕೇಳಿದಳು, "ಶಾಸ್ತ್ರ ನೋಡ್ತಿದ್ದೀರಾ?"

ಬಸ್ಸಲ್ಲಿ_ಬಟನ್

ಮೂರು ವಾರ ಆಯ್ತು, ಮತ್ತೆ ಬರೀತಿದ್ದೀನಿ. ನಿನ್ನೆ ಅದೇ ಹಡಗಿಗೆ ಹೋಗಿದ್ದೆ.

ಬ್ಲೈಂಡ್ 1,500/3,000, ಆಂಟೆ 3,000. ನಾನು ಬಿಗ್ ಬ್ಲೈಂಡ್, ಕಟ್ಟೋಕೆ ಮುಂಚೆ 36,000. ಕಟ್‌ಆಫ್‌ನಲ್ಲಿದ್ದ ಹುಡುಗ (ಹೆಡ್‌ಫೋನ್, ಕಪ್ಪು ಕನ್ನಡಕ, 80,000 ಹತ್ರ, ಬಟನ್‌ಗೆ ಒಂದು ಜಾಗ ಮುಂಚೆ) 6,000ಕ್ಕೆ ರೇಸ್. ನನ್ನದು ಕಳಾವರ್ ಗುಲಾಮ, ಕಳಾವರ್ 10. ಇನ್ನು 3,000 ತಾನೆ, ಸುಬ್ಬಣ್ಣನ ಲೆಕ್ಕ ನೆನಪಿಟ್ಕೊಂಡು ಕಾಲ್. ಪಾಟ್ 16,500, ನನ್ನ ಹತ್ರ 27,000.

ಫ್ಲಾಪ್ ಕಳಾವರ್ 9, ಕಳಾವರ್ 5, ಡೈಮನ್ 2. ಚೆಕ್ ಕೊಟ್ಟೆ. ಹುಡುಗ 5,500 ಇಟ್ಟ. ಕೈ ನಡುಗ್ತಿತ್ತು, ಆದರೂ 27,000 ತಳ್ಳಿದೆ.

ಅವನು ಕನ್ನಡಕ ತೆಗೆದ. ಹೆಡ್‌ಫೋನ್ ತೆಗೆದ. ನನ್ನ ಚಿಪ್ಸ್ ಎಣಿಸೋಕೆ ಹೇಳಿದ, ಡೀಲರ್ ಎಣಿಸಿದ್ರು, ಇನ್ನೊಂದು ಸಲ ಎಣಿಸೋಕೆ ಹೇಳಿದ. ಕೊನೆಗೆ ಪಕ್ಕದಲ್ಲಿ ಕೂತಿದ್ದವರು ಬೇಜಾರಾಗಿ ಕ್ಲಾಕ್ ಕೇಳಿದ್ರು, ಅಂದರೆ ಯೋಚಿಸೋಕೆ ಸಮಯದ ಮಿತಿ ಹಾಕಿ ಅಂದ್ರು. ಕೊನೇ ಕ್ಷಣಗಳಲ್ಲಿ ಕಾಲ್ ಅಂದ. ಇಸ್ಪೀಟ್ 8, ಆಟೀನ್ 8. ಟರ್ನ್ ಆಟೀನ್ 4, ರಿವರ್ ಡೈಮನ್ ರಾಜ. ನಾನು ಔಟ್.

ಹುಬ್ಬಳ್ಳಿ_ಹೈಜಾಕ್

ಛೇ, 9 ಕಳಾವರ್, 3 ಗುಲಾಮ, 3 ಹತ್ತು. ಹದಿನೈದು ಎಲಿ ಇದ್ದೂ ಬರಲಿಲ್ಲಲ್ಲೋ ತಮ್ಮಾ.

ಲೆಕ್ಕದ_ಮೇಷ್ಟ್ರು

ಕ್ಲಾಕ್ ಕೇಳೋ ತನಕ ಎಷ್ಟು ಹೊತ್ತು ಕೂತಿದ್ದ ಆ ಹುಡುಗ?

ಬಸ್ಸಲ್ಲಿ_ಬಟನ್

ಮೂರು ಮೂರೂವರೆ ನಿಮಿಷ ಇರಬಹುದು ಸರ್. ನನಗಂತೂ ಒಂದು ಗಂಟೆ ಅನ್ನಿಸ್ತು.

ಲೆಕ್ಕದ_ಮೇಷ್ಟ್ರು

ಮೀಸೆ ಅಂಕಲ್ ಮುಂದೆ ಮೂರು ನಿಮಿಷ ಯೋಚಿಸಿದ್ದು ಯಾರು?

ಬಸ್ಸಲ್ಲಿ_ಬಟನ್

ನಾನು.